ಎರಡು ಬೆಳಗಿನ ದಿನ

ಜೂನ್ 3, ಮಧ್ಯಾಹ್ನ
ಊಟ ಮುಗಿಸಿ ಮಾವ ಮಲಗಿದರು. ಕೆಳಗೆ ಅವರ ಗಾಜಿನ ಅಂಗಡಿ, ಬಾಗಿಲು ಅರ್ಧ ಎಳೆದಿದೆ. ನಾನು ಹೊಲಿಗೆ ಮಿಷನ್ ಮುಂದೆ. ಮಲಗಿದರೆ ಒಲೆ ಮೇಲಿನ ಹಾಲು? ಮಗಳ ಸ್ಕೂಲ್ ವ್ಯಾನು?... ಮಾವ ದಿನಾ ರೇಗಿಸುತ್ತಾರೆ. "ಖೈಲೂಲ ನಿದ್ದೆ ಪ್ರವಾದಿಗಳ ಪದ್ಧತಿ ಕಣಮ್ಮಾ. ಮಧ್ಯಾಹ್ನ ಮಲಗದೇ ಇರೋನು ಶೈತಾನ ಒಬ್ನೇ. ನೀನು ಯಾರ ಕಡೆ?"

ಅದೇ ದಿನ, ಸಂಜೆ ಏಳು
ಪಾಪ, ಸುಸ್ತಾಗಿದೆ ಅಂತ ಮಾವನನ್ನು ಎಬ್ಬಿಸಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಎದ್ದು, ಕೈಕಾಲು ತೊಳೆದು, ಚಾಪೆ ಹಾಸಿ, "ಬೆಳಗಿನ ನಮಾಜಿಗೆ ಯಾರೂ ಏಳಲಿಲ್ವಾ?" ಅಂದರು.
ಬೆಳಗಿನ!
ನಮ್ಮನೆಯವರು ಅಂಗಡಿಯಿಂದ ಮಾವನ ಗ್ಲಾಸ್ ಕಟರ್ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಅಪ್ಪನಿಗೆ ಅರಳುಮರಳು. ಇನ್ನು ಗಾಜು ಮುಟ್ಟೋದು ಬೇಡ."

ಜೂನ್ 8
ಮಾವ ಅಂಗಡಿಯಲ್ಲಿ ಸುಮ್ಮನೆ ಕೂರುತ್ತಾರೆ. ಬೆರಳು ತೊಡೆಯ ಮೇಲೆ ಗೆರೆ ಎಳೆಯುತ್ತಿರುತ್ತದೆ. ಮಧ್ಯಾಹ್ನ ಮಲಗುವುದನ್ನೇ ಬಿಟ್ಟಿದ್ದಾರೆ, ಹೆದರಿಕೆ.
ನರ್ಸಿಂಗ್ ಓದುವ ನಾದಿನಿ ಬಂದಿದ್ದಳು. "ಜಾಸ್ತಿ ಹೊತ್ತು ಮಲಗಿದ್ರೆ ಮಿದುಳು ಗಾಢ ನಿದ್ದೆಗೆ ಇಳಿಯುತ್ತೆ ಅತ್ತಿಗೆ. ನಾವು ಎದ್ರೂ ಅದು ಸ್ವಲ್ಪ ಹೊತ್ತು ಏಳಲ್ಲ. ಇಪ್ಪತ್ತು ನಿಮಿಷ ಮಲಗಿದ್ರೆ ಸಾಕು. ಯಾರಿಗೆ ಬೇಕಾದ್ರೂ ಆಗುತ್ತೆ ಇದು."
"ಪುಸ್ತಕದ ಬದನೆಕಾಯಿ," ಅಂದರು ಇವರು.
ಯಾರನ್ನು ನಂಬಲಿ? ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು.

ಜೂನ್ 11
ಹೇಗೆ ಬರೆಯಲಿ ಇದನ್ನ! ಮಾವನ ಚಿಂತೆಯಲ್ಲಿ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಮಧ್ಯಾಹ್ನ ಗೋಡೆಗೆ ಒರಗಿದ್ದಷ್ಟೇ ನೆನಪು. ಎಚ್ಚರಾದಾಗ ಕಿಟಕಿಯಲ್ಲಿ ಮಸುಕು ಬೆಳಕು. ಅಯ್ಯೋ, ಲೇಟಾಯಿತು! ಯೂನಿಫಾರ್ಮಿನಲ್ಲೇ ಮಲಗಿದ್ದ ಮಗಳನ್ನು ಎಬ್ಬಿಸಿ, ಡಬ್ಬಿ ತುಂಬಿಸಿ, ಬೀದಿಗೆ ಎಳೆದುಕೊಂಡು ಓಡಿದೆ. "ವ್ಯಾನ್ ಹೋಗ್ಬಿಡ್ತಾ?"
"ಅಮ್ಮಾ, ಆಗ್ಲೇ ಸ್ಕೂಲಿಗೆ ಹೋಗಿ ಬಂದೆನಲ್ಲಾ!" ಮಗಳು ಅಳುತ್ತಿದ್ದಳು.
ಅಂಗಡಿ ಮೆಟ್ಟಿಲಿನಿಂದ ಮಾವ ಎದ್ದು ಬಂದರು. "ಗಾಬರಿಯಾಗ್ಬೇಡಮ್ಮಾ. ಸಂಜೆ ಇದು."
ಬೀದಿಯೇ ತಿರುಗಿದಂತಾಯಿತು. ಇವರೂ ಬೀದಿಗೆ ಓಡಿ ಬಂದರು. ಮಾವ ಮಗನತ್ತ ತಿರುಗಿ, "ಏನಪ್ಪಾ, ಇವಳ ಹೊಲಿಗೆ ಮಿಷನ್ನಿಗೂ ಬೀಗ ಹಾಕ್ತೀಯಾ?"
ಇವರು ಒಳಗೆ ಹೋದರು. ಬೀರು ತೆರೆದ ಸದ್ದು.

ಜೂನ್ 12, ಮಧ್ಯಾಹ್ನ
ಬೆಳಗ್ಗೆಯಿಂದ ಕೆಳಗೆ ಕಟರ್ ಸದ್ದು. ಸರ್... ಟಕ್. ಈಗ ನಿಂತಿದೆ. ಮಾವ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಮಲಗಿದರು. ನನಗೂ ಹುಕುಂ ಆಗಿದೆ. ಒರಗಿಕೊಂಡೇ ಬರೆಯುತ್ತಿದ್ದೇನೆ. ನಿದ್ದೆ ಎಲ್ಲಿ ಬರಬೇಕು ನನಗೆ... ಹಾಲು ಇಳಿಸಿದೆ. ಗ್ಯಾಸ್ ಆಫ್... ವ್ಯಾನು ನಾಲ್ಕಕ್ಕೆ... ನನ್ನ ಅಲಾರಂ ಇಟ್ಟೆ ತಾನೆ, ಇಲ್ಲಾ ಇಡ—