ಕತ್ತರಿ ಎಟುಕದ ಪೊದೆ

ಅಕ್ಕಾ,

ನಮ್ಮ ಹಿತ್ತಲಿನ ಆ ಹೆಸರು ಗೊತ್ತಿಲ್ಲದ ಗಿಡ ಈ ಆಸ್ಪತ್ರೆಯ ಅಂಗಳದ ತುಂಬ ಇದೆ. ಅದೇ ಚೌಕ ಕಾಂಡ, ಎಲೆ ಉಜ್ಜಿದರೆ ಅದೇ ಕರ್ಪೂರದ ವಾಸನೆ. ನಿನ್ನೆ ಮಾಲಿ ಮಹಾಶಯ ಮೊಗ್ಗು ಕಟ್ಟಿದ ಕೊಂಬೆಗಳನ್ನೆಲ್ಲ ಕತ್ತರಿಸಿ, ಗಿಡಗಳನ್ನು ಚೆಂಡಿನಂತೆ ದುಂಡಗೆ ಮಾಡಿಬಿಟ್ಟ! ಕೇಳಿದರೆ, "ಇದು ಹೂ ಬಿಡೋ ಜಾತಿನೇ ಅಲ್ಲ ಸಿಸ್ಟರ್. ಇಪ್ಪತ್ತು ವರ್ಷದಿಂದ ನಾನೇ ಕತ್ತರಿಸ್ತಿದೀನಿ, ನಂಗೊತ್ತಿಲ್ವಾ?" ಅಂತಾನೆ. ಒಬ್ಬರ ಬಾಯಿ ಮುಚ್ಚಿಸಿ, ಅವರಿಗೆ ಮಾತೇ ಬರಲ್ಲ ಅಂದ ಹಾಗಾಯಿತು! ನೀರಿನ ಟ್ಯಾಂಕಿನ ಹಿಂದೆ ಅವನ ಕತ್ತರಿ ಎಟುಕದ ಒಂದೇ ಒಂದು ಪೊದೆ ಮೈತುಂಬ ನೇರಳೆ ಹೂ ಬಿಟ್ಟು ನಿಂತಿದೆ. ತೋರಿಸಿದರೆ, ಅದು ಬೇರೆ ಗಿಡವಂತೆ. ಮೈ ಉರಿದುಹೋಯಿತು.

ನನ್ನ ಕೆಮ್ಮು ವಾಸಿಯಾಗಿದೆ. ಡ್ಯೂಟಿಗೆ ಹೊತ್ತಾಯಿತು. ಹೂ ಬಿಡದ ಗಿಡ ಯಾಕೆ ಎಂದು ಭಾವ ನಮ್ಮ ಹಿತ್ತಲಿನದನ್ನು ಕೀಳಲು ಹೊರಟರೆ ತಡೆ. ವರ್ಷವರ್ಷವೂ ಅದನ್ನು ಕತ್ತರಿಸಿ ಚೊಕ್ಕಟ ಮಾಡುತ್ತಿದ್ದವಳು ನಾನೇ.

ನಿನ್ನ ತಂಗಿ