ಮೂರು ದಿನ ಒಯ್ದ ಕ್ಯಾರಿಯರ್

ಮಲ್ಲೇಶ್ವರಂ, ಬೆಂಗಳೂರು
18-3-1998

ಚಿ. ಸೌ. ಶಶಿರೇಖಾಳಿಗೆ ನಿನ್ನ ಅಕ್ಕ ದ್ರೌಪದಮ್ಮ ಮಾಡುವ ಆಶೀರ್ವಾದ.

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ನೀನು ಹಸಿ ಬಾಣಂತಿ. ತಮ್ಮ ಹೋದ ಸುದ್ದಿಯನ್ನೇ ನಿನಗೆ ತಡವಾಗಿ ತಿಳಿಸಿದೆವು. ಮುನಿರಾಜ ಹೇಗೆ ಹೋದ ಅಂತ ಕೇಳಿದ್ದೀಯ. ಆಸ್ಪತ್ರೆಯವರು ಉಪವಾಸ ಕೆಡವಿ ಕೊಂದರು ಅಂತ ನಿನ್ನ ಭಾವ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಾರೆ. ಅದು ಸುಳ್ಳು.

ಅನ್ನನಾಳ ಕಿರಿದಾಗಿ ಒಂದೂವರೆ ತಿಂಗಳು ಅವನಿಗೆ ನೀರಿಳಿಯುವುದೇ ಕಷ್ಟವಾಗಿತ್ತು. ಮೂಳೆಯ ಮೇಲೆ ಚರ್ಮ, ಅಷ್ಟೇ. ಆಸ್ಪತ್ರೆಯಲ್ಲಿ ದಾರಿ ಬಿಡಿಸಿದರು. ಇನ್ನು ಹೊಟ್ಟೆ ತುಂಬ ಉಣ್ಣಲಿ ಅಂತ ನಾನು ಕುಣಿದೆ. ಡಾಕ್ಟರ್ ಗಂಗಾಧರಯ್ಯ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: ಬಹಳ ದಿನ ಹಸಿದಿದ್ದ ಮೈಗೆ ಒಮ್ಮೆಗೇ ಊಟ ಬಿದ್ದರೆ, ರಕ್ತದಲ್ಲಿ ಉಳಿದ ಚೂರುಪಾರು ಲವಣವೆಲ್ಲ ಅದನ್ನು ಅರಗಿಸುವುದಕ್ಕೇ ಹೋಗಿ ಗುಂಡಿಗೆ ಸೋಲುತ್ತದೆ, ಅದಕ್ಕೇ ಆಗಾಗ ರಕ್ತ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತೇವೆ ಅಂದರು.

ತಲೆಯಾಡಿಸಿ ಬಂದೆ. ಆದರೆ ನರ್ಸ್ ಗೋದಾ ಅರ್ಧ ಲೋಟ ಗಂಜಿ ಅಳೆದು ಕೊಡುವುದು ನೋಡಿ ಹೊಟ್ಟೆ ಉರಿಯಿತು. ಎಂಟನೇ ಕ್ರಾಸಿಗೆಲ್ಲ ತರಕಾರಿ ಹಾಕುವವಳು ನಾನು, ನನ್ನ ತಮ್ಮನಿಗೆ ಅರ್ಧ ಲೋಟ ಗಂಜಿಯೇ? ಮೂರು ದಿನ, ಎರಡು ಹೊತ್ತೂ, ಸೊಪ್ಪಿನ ಬುಟ್ಟಿಯಲ್ಲಿ ಕ್ಯಾರಿಯರ್ ಮುಚ್ಚಿಟ್ಟುಕೊಂಡು ಹೋದೆ. ಬಿಸಿ ಅನ್ನ, ಅವರೆಕಾಳು ಸಾರು, ಬೆಲ್ಲದ ಪಾಯಸ.

“ಬೇಡಕ್ಕ, ಸಿಸ್ಟರ್ ಬೈತಾರೆ” ಅಂದ.

“ಅವಳೇನು ನಿನ್ನ ಎತ್ತಿ ಆಡಿಸಿದ್ಳಾ? ತಿನ್ನು” ಅಂದೆ. ನನ್ನ ಮಾತನ್ನು ಅವನು ಯಾವತ್ತು ಮೀರಿದ್ದ?

ಮೂರನೇ ದಿನ ಸಂಜೆ ಕಾಲು ಊದಿತು, ಏದುಸಿರು ಬಂತು. ಮರುದಿನ ಬೆಳಿಗ್ಗೆ ರಕ್ತ ತೆಗೆಯಲು ಬರುವಷ್ಟರಲ್ಲಿ ಜೀವ ಹೋಗಿತ್ತು. ನನ್ನ ಕೈತುತ್ತೇ ಅವನನ್ನು ತಿಂದಿತು ಶಶಿ. ಈಗ ನನಗೆ ಒಲೆ ಹಚ್ಚಲೂ ಮನಸ್ಸಿಲ್ಲ.

ಮಗು ಹುಷಾರು. ಹಾಲು ಸಾಕೆಂದು ಮುಖ ತಿರುಗಿಸಿದರೆ ಬಲವಂತ ಮಾಡಬೇಡ. ನಿಮ್ಮಿಬ್ಬರಿಗೂ ದೇವರು ಆಯುಸ್ಸು ಕೊಡಲಿ.

ಇಂತಿ ನಿನ್ನ ಅಕ್ಕ,
ದ್ರೌಪದಮ್ಮ

ವಿ.ಸೂ.: ಇದನ್ನು ನಿನ್ನ ಭಾವನಿಗೂ ಹೇಳಿಲ್ಲ. ಆ ಸಂಜೆ ಡಾಕ್ಟರು ಓಡಿ ಬಂದು, “ಹೊರಗಿಂದ ಏನಾದ್ರೂ ತಿನ್ನಿಸಿದ್ರೇನಮ್ಮ? ಬೈಯಲ್ಲ, ಹೇಳಿ. ಈಗಲೇ ಗೊತ್ತಾದ್ರೆ ಡ್ರಿಪ್‌ನಲ್ಲಿ ಸರಿ ಮಾಡ್ಬಹುದು” ಅಂದರು. ಹೌದೆಂದರೆ ನಾಳೆಯಿಂದ ಗೇಟಿನಲ್ಲೇ ತಡೆಯುತ್ತಾರೆ ಅನ್ನಿಸಿತು. ಇಲ್ಲ ಅಂದೆ. ಅವರು ಅವನ ಕಡೆ ತಿರುಗಿದರು. ಮುನಿರಾಜ ನನ್ನ ಮುಖ ನೋಡಿದ. ಆಮೇಲೆ ಅವನೂ ಇಲ್ಲವೆಂದು ತಲೆಯಾಡಿಸಿದ.