ರತ್ನಿಯ ಗಂಡ ಇನ್ನೂ ಘಾಟಿಯಲ್ಲಿದ್ದಾನೆ

ಮಾರನಹಳ್ಳಿ
9-12-1997, ಮಂಗಳವಾರ

ಪ್ರೀತಿಯ ಅತ್ತೆಮ್ಮನವರಿಗೆ ನಿಮ್ಮ ಸೊಸೆ ಗಂಗಾಮಣಿಯ ನಮಸ್ಕಾರ.

ಮೊದಲು ನಿಮ್ಮ ಆರೋಗ್ಯ ಹೇಳಿ. ಮಂಡಿ ಹಿಡಿತ ಹೇಗಿದೆ? ಬೆಳಗಿನ ಕೆಮ್ಮು ನಿಂತಿತಾ? ಕಣ್ಣಿಗೆ ಡ್ರಾಪ್ಸು ದಿನಾ ಹಾಕಿಸಿಕೊಳ್ತಾ ಇದ್ದೀರೋ, ಇಲ್ಲ ಪುಟ್ಟಲಕ್ಷ್ಮಿ ಬಾಟಲಿ ಹಿಡಿದು ಬರೋದು ಕಂಡ ತಕ್ಷಣ ಬಚ್ಚಲಮನೆ ಸೇರಿ ಬಾಗಿಲು ಹಾಕಿಕೊಳ್ತೀರೋ? ದೀಪಾವಳಿ ಮುಗಿಸಿ "ಎಂಟು ದಿನದಾಗೆ ಪೊರೆ ತೆಗೆಸ್ಕೊಂಡು ಬಂದ್ಬುಡ್ತೀನಿ" ಅಂತ ಆಲೂರಿಗೆ ಮಗಳ ಮನೆಗೆ ಹೋದವರು ನೀವು. ಆಪರೇಷನ್ನಿಗೆ ಮೊದಲನೇ ತಾರೀಕು ಕೊಟ್ಟಾಗ ನೆಗಡಿ ಅಂದಿರಿ. ಎರಡನೇದಕ್ಕೆ ಅಮಾವಾಸ್ಯೆ ಹತ್ತಿರ ಬಂತು ಅಂದಿರಿ. ನಾನು ಕ್ಯಾಲೆಂಡರ್ ತೆಗೆದು ನೋಡಿದೆ, ಆಗಿನ್ನೂ ಹುಣ್ಣಿಮೆಯೇ ಆಗಿರಲಿಲ್ಲ. ಈಗ ಹಾಸನದ ಡಾಕ್ಟರು ಹದಿನೆಂಟನೇ ತಾರೀಕು ಗುರುವಾರ ಅಂದಿದ್ದಾರಂತೆ, ಇದೂ ತಪ್ಪಿದರೆ ಮುಂದೆ ಬರೋದೇ ಬೇಡ ಅಂದರಂತೆ. ಈ ಸಲ ಅಮ್ಮ ಏನು ನೆಪ ತೆಗೀತಾರೋ ಅಂತ ನಿಮ್ಮ ಮಗ ಹೋಟೆಲ್ ಗಲ್ಲಾದಲ್ಲಿ ಕೂತು ಗಡ್ಡ ಕೆರೆದುಕೊಳ್ತಾ ಇದ್ದಾರೆ. ಪುಟ್ಟಲಕ್ಷ್ಮೀ, ಇದನ್ನು ನೀನೇ ಜೋರಾಗಿ ಓದ್ತಾ ಇರ್ತೀಯ ಅಂತ ಗೊತ್ತು. ಅಮ್ಮನಿಗೆ ಬೇಜಾರಾಗುತ್ತೆ ಅಂತ ಒಂದು ಸಾಲೂ ಹಾರಿಸಬೇಡ. ನಾನು ಅಳೆದು ತೂಗಿ ಬರೆದಿದ್ದೀನಿ.

ಇಲ್ಲಿ ನಾವೆಲ್ಲ ಕ್ಷೇಮ. ಹಗಲು ಹತ್ತಾದರೂ ಮಂಜು ಬಿಡೋದಿಲ್ಲ, ಲಾರಿಯವರು ಲೈಟ್ ಹಾಕಿಕೊಂಡೇ ಹೋಟೆಲ್ ಮುಂದೆ ಬಂದು ನಿಲ್ಲಿಸ್ತಾರೆ. ಹೆಗ್ಗದ್ದೆ ಕಡೆ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ಲು ಜೋರು. ನಿಮ್ಮ ಬೆಕ್ಕು ಅಕ್ಕಿ ಮೂಟೆ ಹಿಂದೆ ಮೂರು ಮರಿ ಹಾಕಿದೆ, ಮೂರೂ ನಿಮ್ಮ ಮಗನ ಹಾಗೆ, ತಿನ್ನೋದು ಮಲಗೋದು.

ಇನ್ನು ಟೀವಿ ವಿಷಯ. ಮಕ್ಕಳ ಓದು ಕೆಡುತ್ತೆ ಅಂತ ನಿಮ್ಮ ಅಳಿಯ ಮೇಷ್ಟ್ರು ಮನೆಗೆ ಟೀವಿ ತಂದಿಲ್ಲ, ಅದರ ಶಿಕ್ಷೆ ಪಾಪ ನಿಮಗೆ. ಹೋದ ಕಾಗದದಲ್ಲಿ ಕಣ್ಣಿನ ಬಗ್ಗೆ ಒಂದೇ ಸಾಲು, ಟೀವಿ ಬಗ್ಗೆ ಎರಡು ಪುಟ ಬರೆಸಿದ್ದೀರಿ. ಸರಿ, ಕೇಳಿ. ಹೋದ ಭಾನುವಾರದ ಸಿನಿಮಾದಲ್ಲಿ ನಾಯಕ ದೊಡ್ಡ ಕಾಫಿ ಎಸ್ಟೇಟ್ ಮಾಲೀಕ. ಬಂಗಲೆ ಮುಂದೆ ನಿಂತು ಕೈ ಚಾಚಿ "ಇದೆಲ್ಲಾ ನಮ್ಮ ತಾತ ನೆಟ್ಟ ಕಾಫಿ" ಅಂತಾನೆ. ಹಿಂದೆ ಕಾಣೋದು ಬೆಟ್ಟದ ತುಂಬ ಟೀ ಗಿಡ. ನಮ್ಮ ಹೋಟೆಲಲ್ಲಿ ಅನ್ನ ತಿಂತಾ ಇದ್ದವರೆಲ್ಲ ನಕ್ಕು ಒಬ್ಬನಿಗೆ ಸಾರು ನೆತ್ತಿಗೇರಿತು. ನಾಯಕಿ ಕೂಲಿಯವಳಂತೆ, ದಿನವೆಲ್ಲಾ ಕೊಯ್ದ ಬುಟ್ಟಿಯಲ್ಲಿ ಒಂದು ಮುಷ್ಟಿ ಎಲೆ ಇಲ್ಲ, ಕೈಗೆ ಮಾತ್ರ ಮೊಣಕೈವರೆಗೂ ಬಳೆ. ನಮ್ಮ ತೋಟದ ಲೈನಿನ ಹೆಂಗಸರು ಹೀಗೆ ಕೆಲಸ ಮಾಡಿದರೆ ಲೆಕ್ಕ ಬರೆಯೋ ರೈಟರ್ ಮಧ್ಯಾಹ್ನಕ್ಕೇ ಮನೆಗೆ ಕಳಿಸ್ತಾನೆ. ಆದರೆ ತಾಯಿ ಸಾಯೋ ಜಾಗದಲ್ಲಿ ನಾನು ಅತ್ತುಬಿಟ್ಟೆ, ಸುಳ್ಳು ಹೇಳಲ್ಲ. ಆಮೇಲೆ ಯೋಚನೆ ಮಾಡಿದರೆ ಆ ತಾಯಿಗೆ ಬಂದ ಕಾಯಿಲೆ ಏನು ಅಂತ ಕೊನೆವರೆಗೂ ಯಾರೂ ಹೇಳಲೇ ಇಲ್ಲ.

ಸಕಲೇಶಪುರಕ್ಕೆ ಸಾಮಾನಿಗೆ ಹೋದಾಗ ನಿಮ್ಮ ಮಗ ಒಂದು ದೆವ್ವದ ಸಿನಿಮಾಕ್ಕೂ ಕರ್ಕೊಂಡು ಹೋಗಿದ್ದರು. ಕರ್ಕೊಂಡು ಹೋಗಿದ್ದು ಅವರು, ನೋಡಿದ್ದು ನಾನು. ಅವರು ಹೆಸರು ಬರೋವಾಗಲೇ ಗೊರಕೆ ಶುರು ಮಾಡಿದರು, ಅದು ಸಿನಿಮಾದ ಸದ್ದು ಅಂದುಕೊಂಡು ಮುಂದಿನ ಸಾಲಿನ ಹುಡುಗಿ ಕಿರುಚಿಕೊಂಡಳು. ದೆವ್ವ ಒಳ್ಳೇದು, ಸಿಟ್ಟಿಗೂ ಕಾರಣ ಇತ್ತು. ಆದರೆ ಆ ಮನೆಯವರು ನನಗೆ ಹಿಡಿಸಲಿಲ್ಲ. ದಿನಾ ಸದ್ದು ಬರೋ ಕೋಣೆಗೆ ದಿನಾ ಒಬ್ಬೊಬ್ಬರೇ ಮೇಣದಬತ್ತಿ ಹಿಡ್ಕೊಂಡು ಹೋಗ್ತಾರಲ್ಲ, ಅಷ್ಟು ದೊಡ್ಡ ಮನೆ ಕಟ್ಟಿಸಿದವರಿಗೆ ಒಂದು ಟಾರ್ಚ್ ತರೋಕೆ ಏನಾಗಿತ್ತು?

ಈಗ ನಿಮ್ಮ ಧಾರಾವಾಹಿಗೆ ಬರ್ತೀನಿ. ಮಧ್ಯಾಹ್ನ ಎರಡೂವರೆಗೆ ಆ ಹಿಂದಿ ಸಂಗೀತ ಶುರುವಾದರೆ ನಮ್ಮ ಹೋಟೆಲಲ್ಲಿ ತಟ್ಟೆ ಸದ್ದು ನಿಲ್ಲುತ್ತಲ್ಲ, ಈಗಲೂ ನಿಲ್ಲುತ್ತೆ. ಆದರೆ ಎಲ್ಲರೂ ತಿರುಗಿ ನೋಡೋದು ಟೀವಿ ಪಕ್ಕದ ನಿಮ್ಮ ಖಾಲಿ ಸ್ಟೂಲನ್ನ. ಮಾವನವರು ಇದ್ದಾಗ ರೈಲು ದಾರಿ ಕೆಲಸಕ್ಕೆ ಉತ್ತರದ ಕಡೆಯಿಂದ ಬಂದ ಗ್ಯಾಂಗಿನವರಿಗೆ ನೀವು ದೋಣಿಗಾಲಲ್ಲಿ ಅಡಿಗೆ ಮಾಡಿ ಹಾಕಿದವರು, ಅದಕ್ಕೇ ಬಸಮ್ಮಜ್ಜಿಗೆ ಹಿಂದಿ ನೀರು ಕುಡಿದ ಹಾಗೆ ಅಂತ ಈ ರಸ್ತೆಯಲ್ಲಿ ಎಲ್ಲರ ನಂಬಿಕೆ. ಟೀವಿಯವರು ಅವರ ಪಾಡಿಗೆ ಹಿಂದಿಯಲ್ಲಿ ಅಳ್ತಾ ಇದ್ದರೆ ನೀವು ಇತ್ತ ಕನ್ನಡದಲ್ಲಿ ಕಥೆ ಬಿಡಿಸಿ ಹೇಳೋದು, ಡ್ರೈವರುಗಳು ಎರಡನೇ ಸಲ ಅನ್ನ ಹಾಕಿಸಿಕೊಳ್ಳೋದು. ನನಗೆ ಆ ಹೊತ್ತಿಗೆ ಒಲೆ ಕಡೆ ಮುಖ, ಟೀವಿಗೆ ಬೆನ್ನು. ಎರಡು ವರ್ಷ ಆ ಧಾರಾವಾಹಿಯನ್ನ ನಾನು ಕೇಳಿದ್ದೀನಿ, ನೋಡಿಲ್ಲ. ದೊಡ್ಡ ಸೊಸೆ ರತ್ನಿ, ಹಡಗಿನ ಕೆಲಸಕ್ಕೆ ಹೋದ ಅವಳ ಗಂಡ ಶೇಖರ, ಅವನು ಬರೋವರೆಗೂ ಬಣ್ಣದ ಸೀರೆ ಉಡಲ್ಲ ಅಂತ ಅವಳು ಹಿಡಿದ ವ್ರತ, ಎಲ್ಲಾ ನಿಮ್ಮ ಬಾಯಿಂದಲೇ ಗೊತ್ತು. ನೀವು ಬಸ್ ಹತ್ತೋ ಹಿಂದಿನ ದಿನ "ಶೇಖರ ಮಂಗಳೂರಾಗೆ ಹಡಗು ಇಳಿದವ್ನೆ ಕಣ್ರಪ್ಪಾ, ಇನ್ನೇನು ಘಾಟಿ ಹತ್ತಬೇಕು" ಅಂತ ಹೇಳಿ ಹೋದಿರಿ. ಹೋಗಿದ್ದೇ ಹೋಗಿದ್ದು.

ಮಾರನೇ ದಿನದಿಂದ "ಇನ್ನು ನೀನೇ ಹೇಳು ಗಂಗಕ್ಕ" ಅಂತ ಎಲ್ಲರೂ ನನ್ನ ಮೇಲೆ ಬಿದ್ದರು. ಒಂದು ಕೆಟಲ್ಲು, ನಾಲ್ಕು ಲೋಟ ಇಟ್ಟುಕೊಂಡು ಟಾರ್ಪಾಲು ಕೆಳಗೆ ಶುರು ಮಾಡಿ ಈ ಹೋಟೆಲ್ ಕಟ್ಟಿದವಳು ನಾನು, ಒಂದು ಕಥೆ ಹೇಳೋಕಾಗಲ್ವಾ ಅಂತ ಸೌಟು ಹಿಡ್ಕೊಂಡೇ ಸ್ಟೂಲ್ ಮೇಲೆ ಕೂತೆ. "ಈಗ ಅಳ್ತಾಳೆ," ಅಂದೆ. "ಈಗ ಬಾಗಿಲು ಹಾಕಿದ್ಲು," ಅಂದೆ. ಒಂದೇ ಲೋಟ ಟೀ ಇಟ್ಟುಕೊಂಡು ಸಂಜೆವರೆಗೆ ಬೆಂಚು ಬಿಸಿ ಮಾಡೋ ನಮ್ಮ ದ್ಯಾವಯ್ಯ ಸುಮ್ಮನಿರ್ತಾನಾ? "ಹಾಕಿದ್ದು ನಮಗೂ ಕಾಣ್ತದೆ ಕಣಮ್ಮಿ, ಯಾಕೆ ಹಾಕಿದ್ಲು ಅದು ಹೇಳು. ನಿಮ್ಮತ್ತೆ ಆಗಿದ್ರೆ ಇಷ್ಟೊತ್ತಿಗೆ ಬಾಗಿಲ ಹಿಂದೆ ಯಾರು ನಿಂತವ್ರೆ ಅನ್ನೋದೂ ಹೇಳ್ಬುಡೋಳು" ಅಂದ. ಆ ವಾರ ಎರಡನೇ ಸಲ ಅನ್ನ ಕೇಳಿದವರು ಯಾರೂ ಇಲ್ಲ.

ಆದರೂ ನೋಡ್ತಾ ನೋಡ್ತಾ ನನಗೂ ಕೆಲವು ಅಭಿಪ್ರಾಯ ಬಂದವು. ಅದು ಎಂಥಾ ಮನೆ ಅತ್ತೆಮ್ಮ? ಅಷ್ಟು ಜನ ಇದ್ದಾರೆ, ಒಬ್ಬರು ಒಲೆ ಹಚ್ಚಿದ್ದು ನಾನು ಕಾಣೆ. ಮೇಜಿನ ಮೇಲೆ ಹತ್ತು ಥರ ಮಾಡಿಟ್ಟಿರ್ತಾರೆ, ಒಬ್ಬ ಕುರ್ಚಿ ಎಳೀತಾನೆ, ಜಗಳ ಶುರು, ಎಲ್ಲರೂ ಎದ್ದು ಹೋಗ್ತಾರೆ. ಆ ಅನ್ನ ಯಾರು ತಿಂದರು ಅನ್ನೋದು ನನ್ನ ಪ್ರಶ್ನೆ. ಸಣ್ಣ ಸೊಸೆ ಮಲಗೋವಾಗಲೂ ಒಡವೆ ತೆಗೆಯಲ್ಲ, ಮಗ್ಗುಲು ಬದಲಾಯಿಸಿದರೆ ಚುಚ್ಚಲ್ವಾ? ರತ್ನಿ ಮಾತ್ರ ನನಗೆ ಇಷ್ಟ. ಕಡಿಮೆ ಮಾತು, ನೆಟ್ಟಗೆ ನಿಲ್ಲೋ ಹೆಂಗಸು. ನಿಮ್ಮ ಕಥೆ ಕೇಳಿ ನಾನು ಅವಳನ್ನ ಹೇಗೆ ಅಂದುಕೊಂಡಿದ್ದೆನೋ ಹಾಗೇ ಇದ್ದಾಳೆ.

ಹೋದ ವಾರ ಏನಾಯಿತು ಅಂದರೆ, ರತ್ನಿ ನಡುಮನೆಯಲ್ಲಿ ಒಂದು ದೊಡ್ಡ ಫೋಟೋ ಮುಂದೆ ದೀಪ ಹಚ್ಚಿ ನಿಂತಳು. ಮೀಸೆ ಗಂಡಸಿನ ಫೋಟೋ. ಅದಕ್ಕೆ ನನ್ನ ತೋಳಿನಷ್ಟು ದಪ್ಪ ಗಂಧದ ಹಾರ. ನಾನು ಸೌಟು ಕೆಳಗಿಟ್ಟೆ. ಪಕ್ಕದಲ್ಲಿದ್ದ ದ್ಯಾವಯ್ಯನ್ನ ಮೆಲ್ಲಗೆ ಕೇಳಿದೆ, ಅದು ಯಾರ ಫೋಟೋ ಅಂತ. "ಶೇಖರಂದು ಕಣಮ್ಮಿ. ಪರದೇಶಕ್ಕೆ ಹೋಗೋರಿಗೆ ಹಾರ ಹಾಕಿ ಕಳಿಸಲ್ವಾ, ಆವತ್ತು ತೆಗೆದಿರೋದು. ಆವಾಗ್ಲಿಂದ ಅಲ್ಲೇ ನೇತಾಕವ್ರೆ" ಅಂದ. ಅವನ ಪಕ್ಕದ ನಾಲ್ಕು ಜನರೂ ಹೂಂ ಹೂಂ ಅಂದರು. ನೀವು ಅವನು ಬದುಕಿದ್ದಾನೆ ಅಂದಿದ್ದೀರಿ, ಆದ್ದರಿಂದ ಹಾರಕ್ಕೆ ಅವರೇ ಒಂದು ಕಾರಣ ಹೊಲಿದು ಇಟ್ಟುಕೊಂಡಿದ್ದಾರೆ.

ನನಗೆ ಸಮಾಧಾನ ಆಗಲಿಲ್ಲ. ಮಂಗಳೂರಿಗೆ ಕಾಫಿ ಲೋಡ್ ಹೊಡೆಯೋ ನಮ್ಮ ಸಕಲೇಶಪುರದ ಜಬ್ಬಾರಣ್ಣನಿಗೆ ಹಿಂದಿ ಚೆನ್ನಾಗಿ ಬರುತ್ತಲ್ಲ, ಅವರು ಕೈ ತೊಳೆಯೋಕೆ ಹಿಂದುಗಡೆ ಬಂದಾಗ ಹಿಡಿದು ಕೇಳಿದೆ. ನೀರು ಕುಡಿದು, ಮೀಸೆ ಒರೆಸಿಕೊಂಡು, ಸಣ್ಣ ದನಿಯಲ್ಲಿ ಹೇಳಿದರು: "ಗಂಗಕ್ಕ, ಅವನು ಗೌರಿ ಹಬ್ಬದಾಗೇ ಕಾರು ಉರುಳಿ ಸತ್ತೋದ. ನಾನು ಇದೇ ಬೆಂಚಲ್ಲಿ ಕೂತು ನೋಡಿದ್ದೀನಿ. ಅತ್ಲಾಗೆ ಟೀವಿಯಲ್ಲಿ ಹೆಣ ಎತ್ತುತಾವ್ರೆ, ಇತ್ಲಾಗೆ ಅಜ್ಜಿ 'ನೋಡ್ರಪ್ಪಾ, ಹಡಗು ಹತ್ತೋಕೆ ಸಾಗಿಸ್ತಾವ್ರೆ' ಅಂತಾವ್ರೆ. ನಾನು ಅನ್ನ ಕಲಸ್ಕೊಂಡು ಸುಮ್ನಾದೆ." ಯಾಕೆ ಇಷ್ಟು ದಿನ ಹೇಳಲಿಲ್ಲ ಅಂದೆ. "ಸತ್ತೋರ ಕಥೆ ಕೇಳ್ಕೊಂಡು ಯಾರಕ್ಕ ಘಾಟಿ ಇಳೀತಾರೆ? ಹಿಂದಿ ಬರೋರು ನಾವು ನಾಲ್ಕೈದು ಜನ ಇದ್ದೀವಿ, ಎಲ್ಲರಿಗೂ ಗೊತ್ತು. ಟೀವಿ ಕಥೆ ನಮ್ಮನೇಲೂ ಬರ್ತದೆ. ಅಜ್ಜಿ ಕಥೆ ಇಲ್ಲಿ ಮಾತ್ರ ಸಿಗೋದು" ಅಂತ ಹೇಳಿ ಲಾರಿ ಹತ್ತಿದರು.

ಅವತ್ತಿಂದ ನಾನು ಟೀವಿ ಸದ್ದು ಪೂರ್ತಿ ಇಳಿಸಿಬಿಟ್ಟಿದ್ದೀನಿ. ಯಾರೂ ಯಾಕೆ ಅಂತ ಕೇಳಲಿಲ್ಲ. ಶೇಖರನನ್ನ ಸಾಯಿಸೋಕೆ ನನಗೆ ಮನಸ್ಸು ಬರಲಿಲ್ಲ, ಮನೆಗೆ ಕರೆತರೋಕೆ ನಿಮ್ಮ ಹಾಗೆ ಬಾಯಿ ಬರಲ್ಲ. ಅದಕ್ಕೇ ಘಾಟಿಯಲ್ಲಿ ಹಿಡಿದಿಟ್ಟಿದ್ದೀನಿ. ಮೊದಲು ತಿರುವಿನಲ್ಲಿ ಟ್ಯಾಂಕರ್ ಅಡ್ಡ ಬಿತ್ತು ಅಂದೆ. ಆಮೇಲೆ ಮಂಜು. ಆಮೇಲೆ ಅವನು ಬರ್ತಾ ಇದ್ದ ಲಾರಿಯ ಸ್ಪ್ರಿಂಗ್ ಪಟ್ಟಾ ಕಟ್ ಆಯಿತು. ಈ ರಸ್ತೆ ಗೊತ್ತಿರೋ ಯಾರಿಗೂ ಒಂದು ಚೂರೂ ಅನುಮಾನ ಬಂದಿಲ್ಲ. "ಪಾಪ, ಪಟ್ಟಾ ಹಾಸನದಿಂದ ಬರಬೇಕಲ್ಲ" ಅಂತ ಒಬ್ಬ ಕ್ಲೀನರ್ ನನಗೇ ಸಮಾಧಾನ ಹೇಳಿದ. ನಿನ್ನೆ ಜಬ್ಬಾರಣ್ಣ ಕೆಳಗಿಂದ ಹತ್ತಿ ಬಂದವರು ಎಲ್ಲರ ಎದುರಿಗೇ "ಘಾಟಿ ಬುಡದ ಗುಂಡ್ಯದಾಗೆ ಶೇಖರ ಸಿಕ್ಕಿದ್ದ. ಅಜ್ಜಿ ಮಾರನಹಳ್ಳಿಗೆ ಬಂದವ್ರಾ ಅಂತ ಕೇಳ್ದ. ಇಲ್ಲ ಅಂದೆ. ಹಂಗಾದ್ರೆ ಇನ್ನೊಂದು ಟೀ ಕುಡೀತೀನಿ ಅಂದ" ಅಂದರು. ದ್ಯಾವಯ್ಯ ಕಣ್ಣು ಒರೆಸಿಕೊಂಡ ಅತ್ತೆಮ್ಮ, ನಾನು ನೋಡಿದೆ.

ಮೇಷ್ಟ್ರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ಹಲಸಿನ ಹಪ್ಪಳ ಕಳಿಸಿದ್ದೀನಿ, ಮೇಲಿನ ಕಟ್ಟು ಖಾರದ್ದು, ಅದು ನಿಮಗಲ್ಲ. ನಿಮ್ಮ ಮಗನೂ ಕಾಲಿಗೆ ಬಿದ್ದೆ ಅಂತ ಬರೆಯೋಕೆ ಹೇಳಿದರು, ಕೂತಲ್ಲಿಂದ ಎದ್ದಿಲ್ಲ.

ಇಂತಿ ನಿಮ್ಮ ಸೊಸೆ,
ಗಂಗಾಮಣಿ

ಜಬ್ಬಾರಣ್ಣ ಹಾಸನಕ್ಕೆ ಹೊರಟಿದ್ದಾರೆ, ಆಲೂರು ದಾರಿಯಲ್ಲೇ, ಕಾಗದ ಅವರ ಕೈಯಲ್ಲೇ ಕಳಿಸ್ತೀನಿ. ಹಾರನ್ ಹೊಡೀತಾ ಇದ್ದಾರೆ, ಬೇಗ ಬೇಗ ಇಷ್ಟು ಬರೀತೀನಿ. ಪುಟ್ಟಲಕ್ಷ್ಮೀ, ಇದನ್ನ ನಿಧಾನವಾಗಿ ಓದು. ಅತ್ತೆಮ್ಮ, ತೋಳು ಗಾತ್ರದ ಹಾರ ಅದು. ಟೀವಿಗೆ ಮೂಗು ತಾಗಿಸಿ ಕೂರೋ ನಿಮಗೆ ಅದು ಕಾಣಲಿಲ್ಲ. "ಒಸಿ ಮಂಜು ಮಂಜು, ಅಷ್ಟೇಯ" ಅಂತ ನಮಗೆ ಹೇಳ್ತಾ ಬಂದಿರಿ, ನಾವೂ ನಂಬಿಕೊಂಡು ಬಂದೆವು. ಆ ಎರಡು ವರ್ಷ ನಮ್ಮಿಬ್ಬರಲ್ಲಿ ಯಾರೂ ಆ ಧಾರಾವಾಹಿ ನೋಡಿಲ್ಲ, ನನಗೆ ಒಲೆ ಕಡೆ ಮುಖ, ನಿಮಗೆ ಕಣ್ಣಿನ ತುಂಬ ಪೊರೆ. ದೋಣಿಗಾಲಲ್ಲಿ ಒಲೆ ಕಟ್ಟಿಗೆ ತಗೊಂಡು ಹಾವು ಹೊಡೆದವರು ಡಾಕ್ಟರ ಕತ್ತರಿಗೆ ಹೆದರೋರಲ್ಲ ಅಂತ ನನಗೆ ಗೊತ್ತು. ಕಣ್ಣು ಬಂದರೆ ಟೀವಿಯಲ್ಲಿ ಇರೋದು ಕಾಣುತ್ತೆ, ಆಮೇಲೆ ಆ ಸ್ಟೂಲ್ ಮೇಲೆ ಕೂತು ಏನು ಹೇಳೋದು ಅನ್ನೋದು ನಿಮ್ಮ ಹೆದರಿಕೆ. ಅದು ಬಿಡಿ. ಹಿಂದಿ ಬರೋರಿಗೂ ಬೇಕಾಗಿರೋದು ನಿಮ್ಮ ಕಥೆನೇ. ಹದಿನೇಳನೇ ತಾರೀಕು ಸಂಜೆ ನಾನು ಆಲೂರಿಗೆ ಬರ್ತೀನಿ, ಗುರುವಾರ ನಾನೇ ಕೈ ಹಿಡಿದು ಒಳಗೆ ಕಳಿಸ್ತೀನಿ. ಎರಡು ದಿನ ಒಲೆ ನಿಮ್ಮ ಮಗನದು, ಗಿರಾಕಿಗಳಿಗೆ ದೇವರೇ ಗತಿ. ಆಪರೇಷನ್ ಆದಮೇಲೆ ಒಂದು ತಿಂಗಳು ಟೀವಿ ನೋಡಬಾರದು ಅಂತಾರಂತೆ, ಅದನ್ನೊಂದು ಹೊಸ ನೆಪ ಮಾಡಬೇಡಿ. ನೋಡದೆ ಹೇಳೋದು ನಿಮಗೆ ಮೊದಲಿಂದ ಅಭ್ಯಾಸ ಇದ್ದೇ ಇದೆ. ನೀವು ಬರೋವರೆಗೂ ಶೇಖರ ಗುಂಡ್ಯದಲ್ಲೇ ಇರ್ತಾನೆ, ಊಟ ತಿಂಡಿಗೆ ಅಲ್ಲಿ ತೊಂದರೆ ಇಲ್ಲ.